ಬಸ್ಸಿಗೆ ಕಾಯೋ ಅಪ್ಪ

ನಿನ್ನೆ ರಾತ್ರಿ ನಿದ್ದೆ ಬರ್ತಿಲ್ಲ ಅಂತ ಮಲಯಾಳಂ ಡೈರೆಕ್ಟರ್ ಶಾಜಿ ಎನ್. ಕರುಣ್ ಅವರ ‘ಪಿರವಿ’ ಸಿನಿಮಾ ಹಾಕ್ಕೊಂಡು ಕೂತೆ, ಇದ್ದಬದ್ದ ನಿದ್ದೇನೂ ಹೋಯ್ತು. ಎಮರ್ಜೆನ್ಸಿ ಟೈಮಲ್ಲಿ ಪೊಲೀಸ್ರು ಎತ್ಕೊಂಡು ಹೋದ ಹುಡುಗನ ಕಥೆ ನೆನಪಿಸೋ ಸಿನಿಮಾ, ಆದ್ರೆ ಇಡೀ ಸಿನಿಮಾದಲ್ಲಿ ಆ ವಯಸ್ಸಾದ ಅಪ್ಪ ದಿನಾ ಮಳೇಲಿ ದೋಣಿ ಕಡವು ದಾಟಿ ಬಸ್ ಹತ್ರ ಬಂದು ಮಗನಿಗೆ ಕಾಯ್ತಾ ನಿಲ್ತಾನೆ, ಆ ಪಾತ್ರ ಮಾಡಿರೋದು ಪ್ರೇಂಜಿ ಅಂತ ಒಬ್ಬ ಅಜ್ಜ, ಅವ್ರಿಗೆ ನ್ಯಾಷನಲ್ ಅವಾರ್ಡ್ ಕೊಟ್ಟಿದ್ದು ಸುಮ್ನೆ ಅಲ್ಲ ಬಿಡಿ.

ಶಾಜಿ ಅದಕ್ಕೂ ಮುಂಚೆ ವರ್ಷಗಟ್ಟಲೆ ಇನ್ನೊಬ್ಬ ಮಲಯಾಳಂ ಡೈರೆಕ್ಟರ್ ಅರವಿಂದನ್ ಅವರ ಕ್ಯಾಮೆರಾಮನ್, ‘ತಂಪು’, ‘ಕುಮ್ಮಾಟಿ’ ಎಲ್ಲಾ ಇವರೇ ಶೂಟ್ ಮಾಡಿದ್ದು. 1988ರಲ್ಲಿ ತಾವೇ ಡೈರೆಕ್ಟರ್ ಆದಾಗ ಕ್ಯಾಮೆರಾನ ಸನ್ನಿ ಜೋಸೆಫ್ ಕೈಗೆ ಕೊಟ್ಬಿಟ್ರು! ನನಗಂತೂ ಇದೇ ಆಶ್ಚರ್ಯ, ನಾನಾಗಿದ್ರೆ ಬಿಡ್ತಿರ್ಲಿಲ್ಲಪ್ಪ, ಅಡುಗೆಮನೇಲಿ ಸೌಟು ಕೂಡ ಬೇರೆಯವ್ರಿಗೆ ಕೊಡಲ್ಲ ನಾನು.

ಆಮೇಲೆ ‘ಸ್ವಹಂ’, ಮೋಹನ್‌ಲಾಲ್ ಕಥಕಳಿ ಕಲಾವಿದನಾಗಿರೋ ‘ವಾನಪ್ರಸ್ಥಂ’, ಮೊದಲ ಮೂರು ಸಿನಿಮಾನೂ ಫ್ರಾನ್ಸ್‌ನ ಕಾನ್ ಫಿಲ್ಮ್ ಫೆಸ್ಟಿವಲ್‌ಗೆ ಹೋದ್ವು. 2025ರ ಏಪ್ರಿಲ್‌ನಲ್ಲಿ ಅವರು ತೀರ್ಕೊಂಡಾಗ ನಾನು ಒಂದು ‘ಓಂ ಶಾಂತಿ’ ಹಾಕಿ ಸುಮ್ನಾಗಿದ್ದೆ, ಒಂದು ಸಿನಿಮಾನೂ ನೋಡಿರ್ಲಿಲ್ಲ ಆಗ, ನಾಚ್ಕೆ ಆಗುತ್ತೆ.

ಮಲಯಾಳಂ ನಂಗೆ ಅಷ್ಟಕ್ಕಷ್ಟೇ. ಅರ್ಧದಿಂದ ಸಬ್‌ಟೈಟಲ್ ಓದೋದೇ ಮರ್ತಿದ್ದೆ, ಮಳೆ ಸದ್ದು ಕೇಳ್ತಾ ಇದ್ದೆ ಅಷ್ಟೇ.