ಹದಿನಾಲ್ಕು ಫ್ರೇಮು ಎಣಿಸಿದ ಸಂಜೆ

1946ರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ 118 ನಿಮಿಷದ ಚಿತ್ರ. ಡಿಕನ್ಸ್ ಕಾದಂಬರಿ, ಡೇವಿಡ್ ಲೀನ್ ನಿರ್ದೇಶನ. ಅದರ ಆರಂಭದ ದೃಶ್ಯವೊಂದನ್ನೇ ಫ್ರೇಮು ಫ್ರೇಮಾಗಿ, ಅಂದರೆ ಚಲನೆಯನ್ನು ಕಟ್ಟುವ ಒಂದೊಂದೇ ಸ್ಥಿರಚಿತ್ರವಾಗಿ, ನೋಡಲು ಕೂತರೆ ಒಂದಿಡೀ ಸಂಜೆ ಕಳೆಯುತ್ತದೆ. ಎಡಿಟಿಂಗ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಮೊದಲ ಸಲ ಎಲ್ಲೂ ನಿಲ್ಲಿಸಬಾರದು. ಜೌಗಿನ ದಂಡೆಯ ಮೇಲೆ ಪುಟ್ಟ ಪಿಪ್ ಓಡಿ ಬರುತ್ತಾನೆ, ದಾರಿಯಲ್ಲಿ ಗಲ್ಲುಗಂಬ. ಚರ್ಚಿನ ಕಲ್ಲುಗೋಡೆ ಹತ್ತಿಳಿದು ಅಪ್ಪ ಅಮ್ಮನ ಗೋರಿಯ ಮುಂದೆ ಮಂಡಿಯೂರುತ್ತಾನೆ, ಹಳೆಯ ಗಿಡ ಕಿತ್ತು ಮಣ್ಣು ತಟ್ಟುತ್ತಾನೆ. ಗಾಳಿ ಸಿಳ್ಳೆ ಹಾಕುತ್ತಿದೆ. ಅಳುಕುತ್ತ ತಿರುಗಿ ನೋಡಿದರೆ ಎಲೆಯುದುರಿದ ಕೊಂಬೆಗಳು ಎಲುಬಿನ ಕೈಗಳಂತೆ ಚಾಚಿವೆ. ಮತ್ತೆ ನೋಡಿದರೆ ಸೊಟ್ಟ ಕಾಂಡ, ಥೇಟ್ ಮನುಷ್ಯನ ಮೈ. ಹುಡುಗ ಎದ್ದು ಓಡುತ್ತಾನೆ, ಕ್ಯಾಮೆರಾ ಅವನ ಜೊತೆಗೇ ಹೊರಳುತ್ತದೆ, ನಿಂತಿದ್ದ ಕೈದಿಯ ತೋಳಿಗೇ ಅವನು ಹೋಗಿ ಬೀಳುತ್ತಾನೆ. ಮರದ ಭಯ ಎರಡು ಸಲ ಹುಸಿಯಾಗಿರುವುದರಿಂದ ಮೂರನೆಯದಕ್ಕೆ ನಾವು ಸಿದ್ಧರಿರುವುದಿಲ್ಲ.

ಎಣಿಕೆ ಶುರುವಾಗುವುದು ಇಲ್ಲಿಂದ. ಕೈದಿ ಕಾಣಿಸಿಕೊಂಡು ಪಿಪ್‌ನ ಕ್ಲೋಸಪ್ ಬರುವವರೆಗೆ ಸಂಕಲನಕಾರ ಜ್ಯಾಕ್ ಹ್ಯಾರಿಸ್ ಉಳಿಸಿದ್ದು 14 ಫ್ರೇಮು. ಸೆಕೆಂಡಿಗೆ 24ರಂತೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಎದುರಿಗಿರುವುದು ಮನುಷ್ಯ, ಒಳ್ಳೆಯವನಲ್ಲ ಎಂದು ತಿಳಿಯಲು ಅಷ್ಟು ಸಾಕು, ಮುಖ ಗುರುತಿಸಲು ಸಾಲದು. ಇನ್ನೂ ಹತ್ತು ಫ್ರೇಮು ಬಿಟ್ಟಿದ್ದರೆ ನಟ ಫಿನ್ಲೇ ಕರಿ ಕಂಡುಬಿಡುತ್ತಿದ್ದರು, ಭಯ ಅಲ್ಲೇ ಇಳಿದುಹೋಗುತ್ತಿತ್ತು. ತೀರ ಕಡಿಮೆ ಮಾಡಿದ್ದರೆ ಹುಡುಗ ಏನಕ್ಕೆ ಡಿಕ್ಕಿ ಹೊಡೆದನೆಂಬುದೇ ತಿಳಿಯುತ್ತಿರಲಿಲ್ಲ.

ಎಣಿಕೆ ತಪ್ಪುವುದು ಸಾಮಾನ್ಯವಾಗಿ ಪ್ರತಿಯಿಂದ. ಸೆಕೆಂಡಿಗೆ 30 ಫ್ರೇಮಿನ ಪ್ರತಿಯಲ್ಲಿ ಕೆಲವು ಫ್ರೇಮು ಎರಡೆರಡು ಸಲ ಬಂದು 14 ಹೋಗಿ 17–18 ಆಗುತ್ತದೆ. 25ರ ಪ್ರತಿಯಲ್ಲಿ ಎಣಿಕೆ ಸರಿ ಬರುತ್ತದೆ, ಆದರೆ ಓಟ ಶೇ. 4ರಷ್ಟು ಜೋರಾಗಿ ಇಡೀ ಚಿತ್ರ 113 ನಿಮಿಷಕ್ಕೇ ಮುಗಿಯುತ್ತದೆ. ಟಿವಿಯಲ್ಲಿ ನೋಡುವುದಾದರೆ ಚಲನೆ ನುಣುಪು ಮಾಡುವ ಸೆಟ್ಟಿಂಗ್ ಆಫ್ ಇರಲೇಬೇಕು. ಇಲ್ಲದ ಫ್ರೇಮುಗಳನ್ನು ಅದು ತಾನೇ ಹುಟ್ಟಿಸಿ ನಡುವೆ ತುರುಕುತ್ತದೆ. ಕಂಪ್ಯೂಟರಿನಲ್ಲಿ ವಿಡಿಯೊ ನೋಡುವ ವಿಎಲ್‌ಸಿ ಪ್ಲೇಯರಿನಲ್ಲಿ ‘ಇ’ ಕೀ ಒತ್ತಿದಂತೆ ಒಂದೊಂದೇ ಫ್ರೇಮು ಮುಂದೆ ಹೋಗುತ್ತದೆ.

ಕಾದಂಬರಿಯಲ್ಲಿ ಮೊದಲು ಬರುವುದು ಕೈದಿಯ ದನಿ, ಅಳುವ ಹುಡುಗನನ್ನು ಗದರುವ ದನಿ. ಚಿತ್ರದಲ್ಲಿ ಅವನು ಮಾತಾಡುವ ಮೊದಲೇ ಹುಡುಗ ಚೀರುತ್ತಾನೆ, ಕೊಳಕು ಕೈ ಬಾಯಿ ಮುಚ್ಚುತ್ತದೆ, ಕತ್ತು ಕೊಯ್ಯುವ ಬೆದರಿಕೆ ಅದಾದ ಮೇಲೆ. ಈ ಅದಲುಬದಲು ಇಡೀ ರೂಪಾಂತರದಲ್ಲೇ ಅತ್ಯಂತ ಜಾಣ ನಿರ್ಧಾರ.

ಆ ಚೀತ್ಕಾರ ಕ್ಲೋಸಪ್ಪಿಗಿಂತ 4 ಫ್ರೇಮು ಮೊದಲೇ ಕೇಳಿಸಲು ಶುರುವಾಗುತ್ತದೆ. ಅದರ ಬೆಲೆ ಗೊತ್ತಾಗಬೇಕಾದರೆ ವಿಎಲ್‌ಸಿಯಲ್ಲೇ ‘ಕೆ’ ಕೀಯನ್ನು ಮೂರು ಸಲ ಒತ್ತಿ ದನಿಯನ್ನು 150 ಮಿಲಿಸೆಕೆಂಡು ಹಿಂದೆ ಬೀಳಿಸಿ ನೋಡಬೇಕು. ಚೀತ್ಕಾರ ಹೆಚ್ಚುಕಡಿಮೆ ಕಟ್ ಆಗುವ, ಅಂದರೆ ದೃಶ್ಯ ಕ್ಲೋಸಪ್ಪಿಗೆ ಬದಲಾಗುವ, ಕ್ಷಣಕ್ಕೇ ಬಂದು ಕೂರುತ್ತದೆ. ಬೆಚ್ಚಿಬೀಳುವುದು ಹುಡುಗ ಮಾತ್ರ.