ಅಪ್ಪನ ಮಳೆ ಲೆಕ್ಕದ ಹುಡುಕಾಟ: ಹ್ಯಾಶ್ ಜರಡಿ, ಮೂರನೇ ವಾರ

ಅಪ್ಪ ತೋಟದ ಮಳೆ ಲೆಕ್ಕವನ್ನು ದಿನಾ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿಡುತ್ತಿದ್ದರು, ತಿಂಗಳಿಗೊಂದು ಟೆಕ್ಸ್ಟ್ ಫೈಲ್. ಆ ಡಿಸ್ಕ್ ರಿಪೇರಿಗೆ ಹೋಗಿ ಫಾರ್ಮ್ಯಾಟ್ ಆಗಿ ಬಂತು. ಅಳಿದ ಫೈಲ್ ಹುಡುಕಿಕೊಡುವ ಫೋಟೋರೆಕ್ ಅನ್ನೋ ಪ್ರೋಗ್ರಾಂ ಓಡಿಸಿ ಫೈಲ್‌ಗಳನ್ನು ವಾಪಸ್ ಪಡೆದೆ. ಆದರೆ ಅದು ಹೆಸರು, ಫೋಲ್ಡರ್ ಯಾವುದನ್ನೂ ಉಳಿಸಿಕೊಡುವುದಿಲ್ಲ, ಸಿಕ್ಕಿದ್ದಕ್ಕೆಲ್ಲ ಬರೀ ನಂಬರು. ಹೀಗೆ ನನ್ನ ಮುಂದೆ ಹೆಸರಿಲ್ಲದ 41,000 ಟೆಕ್ಸ್ಟ್ ಫೈಲ್‌ಗಳು.

ಕನ್ನಡ ಅಕ್ಷರ ಇರುವ ಫೈಲ್ ಮಾತ್ರ ಹುಡುಕಿದರೆ ಸಾಕಲ್ವಾ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆಗಲಿಲ್ಲ. ಆ ಡಿಸ್ಕ್‌ನಲ್ಲಿದ್ದದ್ದು ಡೆಬಿಯನ್ ಅನ್ನೋ ಲಿನಕ್ಸ್, ಅದರ 2009ರಲ್ಲಿ ಬಂದ ಲೆನ್ನಿ ಆವೃತ್ತಿ, ಜೊತೆಗೆ ಮೆನು, ಕಿಟಕಿಗಳನ್ನು ತೋರಿಸುವ ಗ್ನೋಮ್. ಮೆನುವಿನ ಹೆಸರು, ಸೆಟ್ಟಿಂಗ್ ವಿವರಣೆ ಇವುಗಳ ಎಲ್ಲ ಭಾಷೆಯ ಅನುವಾದವೂ ಆಯಾ ಫೈಲಿನೊಳಗೇ ಸಾಲಾಗಿ ಇರುತ್ತದೆ, ಕನ್ನಡವೂ ಸೇರಿ. ಸಾವಿರಾರು ಫೈಲ್ ಸಿಕ್ಕವು.

ಹಾಗಾಗಿ ಉಲ್ಟಾ ದಾರಿ ಹಿಡಿದೆ. ಡೆಬಿಯನ್ನಿನದು ಅಂತ ಖಚಿತವಾಗಿ ಗೊತ್ತಾಗುವುದನ್ನೆಲ್ಲ ತೆಗೆದುಹಾಕಿದರೆ ಉಳಿಯುವುದು ಅಪ್ಪನದು. ಫೈಲಿನ ಹೆಸರು ಹೋದರೂ ಹ್ಯಾಶ್, ಅಂದರೆ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆಯುವ ಬೆರಳಚ್ಚಿನಂಥ ಸಂಖ್ಯೆ, ಹೋಗುವುದಿಲ್ಲ. ಒಳಗಿನ ಬೈಟ್‌ಗಳು ಹಾಗೇ ಇದ್ದರೆ ಹ್ಯಾಶೂ ಅದೇ.

ಮೊದಲ ವಾರ ಒಂದು ತಪ್ಪು ಮಾಡಿದೆ. ಡೆಬಿಯನ್ನಿನ ಪ್ಯಾಕೇಜ್ ಪಟ್ಟಿಯಲ್ಲಿ ಎಸ್‌ಎಚ್‌ಎ-256 ಅನ್ನೋ ಬಗೆಯ ಹ್ಯಾಶ್ ಇದೆಯಲ್ಲ ಅಂತ ಅದನ್ನೇ ತಂದು ಹೋಲಿಸಿದೆ, ಒಂದೂ ಹೊಂದಲಿಲ್ಲ. ಆ ಹ್ಯಾಶ್ ಇಡೀ ಡೆಬ್ ಫೈಲಿನದು (ಒಂದು ಪ್ಯಾಕೇಜಿನ ಫೈಲ್‌ಗಳನ್ನೆಲ್ಲ ಕಟ್ಟಿಟ್ಟ ಗಂಟು), ಅದರೊಳಗಿನ ಫೈಲ್‌ಗಳದ್ದಲ್ಲ! ಒಳಗಿನವುಗಳಿಗೆ ಎಂಡಿ5 ಅನ್ನೋ ಇನ್ನೊಂದು ಬಗೆಯ ಹ್ಯಾಶಿನ ಪಟ್ಟಿ ಇರುತ್ತದೆ, ಆದರೆ ಆ ಕಾಲದಲ್ಲಿ ಎಲ್ಲ ಪ್ಯಾಕೇಜೂ ಅದನ್ನು ಕೊಡುತ್ತಿರಲಿಲ್ಲ. ಕೊನೆಗೆ ಡೆಬ್‌ಗಳನ್ನೇ ಇಳಿಸಿಕೊಂಡು, ಬಿಚ್ಚಿ, ಪ್ರತಿ ಫೈಲಿನ ಹ್ಯಾಶನ್ನೂ ನಾನೇ ತೆಗೆದು ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸಿಗೆ ತುಂಬಿದೆ. ಎಂಡಿ5 ಹ್ಯಾಶ್ ಒಂದೇ ಬರುವ ಎರಡು ಫೈಲ್‌ಗಳನ್ನು 2004ರಲ್ಲೇ ಮಾಡಿ ತೋರಿಸಿದ್ದಾರೆ, ಆದರೂ ಇಲ್ಲಿ ಮೋಸ ಮಾಡುವವರು ಯಾರೂ ಇಲ್ಲ, ಅದೇ ಸಾಕಾಗುತ್ತಿತ್ತು. ಹೇಗೂ ಹೊಸದಾಗಿ ಲೆಕ್ಕ ಹಾಕಬೇಕಿತ್ತು, ಅದಕ್ಕೆ ಎಸ್‌ಎಚ್‌ಎ-256 ಇಟ್ಟುಕೊಂಡೆ.

ಎರಡನೇ ವಾರ ಹಳೆ ಆವೃತ್ತಿಗಳ ಬೆನ್ನು ಹತ್ತಿದೆ. ಲೆನ್ನಿಗೆ 5.0.10ರವರೆಗೂ ಅಪ್ಡೇಟ್ ಬಂದಿವೆ, ಒಂದಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬೇರೆ. ಡೆಬಿಯನ್ನಿನ ಸ್ನ್ಯಾಪ್‌ಶಾಟ್ ಭಂಡಾರದಲ್ಲಿ 2005ರಿಂದ ಬಂದ ಪ್ಯಾಕೇಜ್‌ಗಳು ದಿನಾಂಕದ ಪ್ರಕಾರ ಸಿಗುತ್ತವೆ, ಅದನ್ನು ಕಾಪಾಡಿಕೊಂಡು ಬಂದವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಅಲ್ಲಿಂದ ಮಧ್ಯದ ಆವೃತ್ತಿಗಳನ್ನೂ ತಂದ ಮೇಲೆ 9,300 ಉಳಿದವು.

ಈ ವಾರ ಆ 9,300ನ್ನು ಒಂದೊಂದಾಗಿ ತೆರೆದು ನೋಡುತ್ತಾ ಕೂತೆ. ಎಷ್ಟೋ ಫೈಲ್‌ಗಳು ಶುರುವಿನಲ್ಲಿ ಸರಿಯಾಗೇ ಇವೆ, ಬಾಲಕ್ಕೆ ಪಕ್ಕದ ಯಾವುದೋ ಫೈಲಿನ ಸಾಲುಗಳು ಅಂಟಿಕೊಂಡಿವೆ. ಎಲ್ಲಿ ಮುಗಿಯುತ್ತದೆ ಅಂತ ಫೋಟೋರೆಕ್‌ಗೆ ಗೊತ್ತಾಗಿಲ್ಲ. ಅದಕ್ಕೆ ಪಟ್ಟಿಯಲ್ಲಿ ಇನ್ನೆರಡು ಕಾಲಂ ಸೇರಿಸಿದೆ: ಫೈಲಿನ ಅಳತೆ, ಮತ್ತು ಮೊದಲ 512 ಬೈಟಿನ ಹ್ಯಾಶ್. ತಲೆ ಹೊಂದಿದರೆ, ಪಟ್ಟಿಯಲ್ಲಿರುವ ಅಳತೆಗೆ ಕತ್ತರಿಸಿ ಪೂರ್ತಿ ಹ್ಯಾಶ್ ನೋಡುವುದು. ತಲೆ ಒಂದೇ ಇರುವ ಫೈಲ್‌ಗಳು ಜಾಸ್ತಿ, ಲೈಸೆನ್ಸ್ ಸಾಲುಗಳಿಂದಲೇ ಶುರುವಾಗುವವು ಎಷ್ಟೋ, ಹಾಗಾಗಿ ಸಿಕ್ಕ ಎಲ್ಲ ಅಳತೆಗಳನ್ನೂ ಪ್ರಯತ್ನಿಸಬೇಕು. 512ಕ್ಕಿಂತ ಚಿಕ್ಕವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಹೊಂದಿದ ಭಾಗವನ್ನು ಮಾತ್ರ ಬಿಟ್ಟು ಬಾಲವನ್ನು ಬೇರೆ ಫೈಲಾಗಿ ಉಳಿಸಿಕೊಳ್ಳುತ್ತೇನೆ, ಎಸೆಯುವುದಿಲ್ಲ. ಮೊದಲು ಹಾಗಿರಲಿಲ್ಲ, ಹೊಂದಿತು ಅಂದರೆ ಇಡೀ ಫೈಲನ್ನೇ ಅಳಿಸಲು ಬರೆದಿದ್ದೆ. ಓಡಿಸುವ ಮುಂಚೆ ಸುಮ್ನೆ ನಾಲ್ಕು ಬಾಲ ನೋಡೋಣ ಅಂತ ತೆರೆದೆ. ಮೂರನೆಯದು ಒಂದು ಮೆನು ಫೈಲಿನ ಬಾಲ. ಅದರಲ್ಲಿ 2009ರ ಜುಲೈ ತಿಂಗಳು, 1ನೇ ತಾರೀಕಿನಿಂದ 31ರವರೆಗೆ, ಇಂಚು ಸೆಂಟ್ಸ್ ಸಮೇತ, ಪೂರ್ತಿ ಇತ್ತು.

ಅಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ. ಆಗಸ್ಟ್ ಸಿಕ್ತಾ ಅಂತ ಕೇಳಿದರು. ಇನ್ನೂ ಇಲ್ಲ, ಬಾಲಗಳೇ 2,200 ಇವೆ.