ಸೈಲೆನ್ಸರ್ ತೂತು ದೊಡ್ಡದು ಮಾಡಿಸೋ ಮುಂಚೆ

ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ತೋಟದ ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ಶುರುವಾದರೆ ಚೈನ್‌ಸಾಗಳಿಗೆ ಪುರುಸೊತ್ತಿಲ್ಲ. ಪವರ್ ಸಾಲದು ಅಂತ ಸೈಲೆನ್ಸರ್ ತೂತು ದೊಡ್ಡದು ಮಾಡಿಸೋರಿದ್ದಾರೆ. ಹೊಗೆ ಸಲೀಸಾಗಿ ಹೋಗುತ್ತೆ, ನಿಜ. ಆದರೆ ಮಿಕ್ಸ್ಚರ್ ತೆಳುವಾಗುತ್ತೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಹೋಗುತ್ತೆ. ಕಾರ್ಬುರೇಟರಿನ ‘ಎಚ್’ ಸ್ಕ್ರೂ ಚೂರು ಎಡಕ್ಕೆ ತಿರುಗಿಸಿ ಪೆಟ್ರೋಲ್ ಹೆಚ್ಚಿಸದಿದ್ದರೆ ಪಿಸ್ಟನ್ನಿಗೆ ಎಕ್ಸಾಸ್ಟ್ (ಹೊಗೆ ಹೋಗೋ) ಕಡೆ ಗೀರು ಬಿದ್ದು ಇಂಜಿನ್ ಸೀಜ್, ಅಂದರೆ ಕಚ್ಚಿಕೊಂಡು ನಿಂತೇ ಹೋಗುತ್ತೆ. ಮರ ಮುಟ್ಟಿಸದೆ ಫುಲ್ ಆಕ್ಸಿಲರೇಟರ್ ಕೊಟ್ಟಾಗ ಸದ್ದು ಸ್ವಲ್ಪ ಒಡೆದಂತಿರಬೇಕು, ಕೊಯ್ಯುವಾಗ ನಯವಾಗಬೇಕು. ಖಾಲಿ ಓಡುವಾಗಲೇ ಕೀರಲು ದನಿಯಲ್ಲಿ ಅರಚಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ, ತಕ್ಷಣ ನಿಲ್ಲಿಸಿ.

ಪವರ್ ಇಲ್ಲ ಅನ್ನೋದು ಎಷ್ಟೋ ಸಲ ಬರೀ ಕೊಳೆ (ಮನುಷ್ಯರದ್ದೂ ಹಾಗೇನೋ!). ಸೈಲೆನ್ಸರ್ ಜಾಲರಿಯ ಕರಿ ಉಜ್ಜಿ, ಏರ್ ಫಿಲ್ಟರ್ ತೊಳೆದು ಒಣಗಿಸಿ. ಲೀಟರ್ ಪೆಟ್ರೋಲಿಗೆ 20 ಎಂಎಲ್ ಒಳ್ಳೆ ಟೂ-ಸ್ಟ್ರೋಕ್ ಆಯಿಲ್, ಅಂದರೆ 50:1. ಕಂಪನಿ ಬೇರೆ ಹೇಳಿದ್ದರೆ ಅದೇ ಸರಿ. ಚಕ್ಕೆ ಬರದೆ ಹಿಟ್ಟಿನ ಹಾಗೆ ಹೊಟ್ಟು ಉದುರುತ್ತಿದ್ದರೆ ತಪ್ಪು ಇಂಜಿನ್ನಿನದಲ್ಲ, ಚೈನಿಗೆ ಅರ ಹಾಕಿ.